ಊರು ಬಿಟ್ಟವರ ಕವಿತೆ ಬರೀ ನೆನಪಿನ ಪಟ್ಟಿಯಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ನ್ಯೂಜೆರ್ಸಿಗೆ ಬಂದು 17 ವರ್ಷ ಆಯ್ತು. ಕನ್ನಡದಲ್ಲಿ ಕವಿತೆ ಬರೆಯುತ್ತೇನೆ. ಇಲ್ಲಿನ ಕನ್ನಡ ಕೂಟದಲ್ಲಿ ‘ಅಂಗಳ’ ಅನ್ನೋ ಕವಿತೆ ಓದಿದಾಗ ಸುಮಾರು ಜನ ಕಣ್ಣೊರೆಸಿಕೊಂಡರು. ಊರಿಗೆ ಹೋದಾಗ ಅದನ್ನೇ ಹಿರಿಯರೊಬ್ಬರಿಗೆ ತೋರಿಸಿದೆ. ‘ಊರು ಬಿಟ್ಟು ಹೋದವರಿಗೆ ನೆನಪು ಬಿಟ್ಟರೆ ಇನ್ನೇನಿದೆ ಬರೆಯೋಕೆ?’ ಅಂದರು. ಎರಡು ಸಾಲನ್ನು ‘ಇದು ಫೋನ್ ಮಾತು, ಕವಿತೆ ಅಲ್ಲ’ ಅಂತ ಹೊಡೆದೂ ಹಾಕಿದರು. 15 ವರ್ಷದ ಮಗಳು ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಅವಳ ಒಂದು ಕವಿತೆಯ ಅರ್ಥ ಹೀಗಿದೆ: ಅಮ್ಮನ ಭಾಷೆ ಒಂದು ಕೋಣೆ, ಕುರ್ಚಿ ಎಲ್ಲಿದೆ ಅಂತ ನನಗೆ ಗೊತ್ತು, ಲೈಟಿನ ಸ್ವಿಚ್ಚು ಎಲ್ಲಿದೆ ಅಂತ ಗೊತ್ತಿಲ್ಲ. ಓದಿ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ವಲಸೆ ಹೋದವರ ಕವಿತೆ ಅಂದರೆ ಇಷ್ಟೇನಾ? ನಾವಿಬ್ಬರೂ ಯಾವ ಕಡೆಯವರು?

ಉತ್ತರ:

ನಿಮ್ಮ ‘ಅಂಗಳ’ವನ್ನು ನಾಲ್ಕು ಸಲ ಓದಿದೆ. ಆ ಹಿರಿಯರು ಹೊಡೆದು ಹಾಕಿದ ಎರಡು ಸಾಲಿನಿಂದಲೇ ಶುರು ಮಾಡುತ್ತೇನೆ.

ಅಮ್ಮ ಕೇಳಿದಳು, ಊಟ ಆಯ್ತಾ?
ಆಯ್ತು ಅಂದೆ. ಇಲ್ಲಿ ಬೆಳಗಿನ ಜಾವ ನಾಲ್ಕೂವರೆ.

ಇಡೀ ಕವಿತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ತೀರ್ಥಹಳ್ಳಿಯಲ್ಲಿ ಮಧ್ಯಾಹ್ನ ಎರಡು ಗಂಟೆ. ಅಮ್ಮ ಊಟ ಮುಗಿಸಿ, ಕೈ ಒರೆಸಿಕೊಂಡು ಫೋನ್ ಮಾಡಿದ್ದಾರೆ. ನ್ಯೂಜೆರ್ಸಿಯಲ್ಲಿ ನೀವು ಕತ್ತಲಲ್ಲಿ ಇದ್ದೀರಿ. ಊಟ ಆಯ್ತು ಅಂತ ಒಂದು ಸಣ್ಣ ಸುಳ್ಳು ಹೇಳುತ್ತೀರಿ. ಆ ಸುಳ್ಳು ಹೇಳದೆ ಇದ್ದರೆ ಆ ಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ, ಅಲ್ವಾ? ಕನ್ನಡದಲ್ಲಿ ‘ಊಟ ಆಯ್ತಾ’ ಅನ್ನೋದು ಊಟದ ವಿಚಾರವೇ ಅಲ್ಲ, ‘ಚೆನ್ನಾಗಿದ್ದೀಯಾ’ ಅಂತ ಕೇಳೋ ರೀತಿ. ‘ಆಯ್ತು’ ಅಂದಾಗ ನೀವು ಸರಿಯಾದ ಉತ್ತರವನ್ನೇ ಕೊಟ್ಟಿದ್ದೀರಿ. ಗಡಿಯಾರಕ್ಕೆ ಮಾತ್ರ ಅದು ಸುಳ್ಳು. ಭಾಷೆ ಒಂದು ಹೇಳುತ್ತದೆ, ಗಡಿಯಾರ ಇನ್ನೊಂದು ಹೇಳುತ್ತದೆ, ನೀವು ಅವೆರಡರ ನಡುವೆ ಫೋನ್ ಹಿಡಿದು ಕೂತಿದ್ದೀರಿ.

ಇನ್ನು ಕವಿತೆಯ ಮೊದಲ ಭಾಗ. ಅಮ್ಮನ ಸಾರಿನ ಘಮ, ಅಂಗಳದ ಮಲ್ಲಿಗೆಯ ಘಮ, ಮೊದಲ ಮಳೆಗೆ ಮಣ್ಣಿನ ಘಮ. ಕೂಟದಲ್ಲಿ ಜನ ಅತ್ತಿದ್ದು ಇಲ್ಲಿಗೆ ಅಂತ ನನಗೆ ಅನ್ನಿಸುತ್ತದೆ. ಅವರ ಕಣ್ಣೀರು ನಿಜ. ಆದರೆ ಅದನ್ನು ತರಿಸಿದ್ದು ನಿಮ್ಮ ಸಾಲು ಅಂತ ಹೇಳೋದು ಕಷ್ಟ. ‘ಮಲ್ಲಿಗೆ’ ಅನ್ನೋ ಪದ ಒಂದೇ ಸಾಕಿತ್ತು. ಊರಿಂದ ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ, ಹೊರಗೆ ಹಿಮ ಬೀಳುವಾಗ, ಒಂದು ಸಭಾಂಗಣದಲ್ಲಿ ಕೂತ ಇನ್ನೂರು ಜನಕ್ಕೆ ಯಾರು ‘ಮಲ್ಲಿಗೆ’ ಅಂದರೂ ಎದೆ ತುಂಬಿ ಬರುತ್ತದೆ. ಅಲ್ಲಿ ಕೆಲಸ ಮಾಡೋದು ಪದ. ಕವಿತೆ ಇನ್ನೂ ಕೈ ಹಾಕಿರುವುದಿಲ್ಲ. ಇದನ್ನು ನಿಮ್ಮ ಮನಸ್ಸು ನೋಯಿಸೋಕೆ ಹೇಳುತ್ತಿಲ್ಲ. ವಲಸೆ ಹೋದವರು ಬರೆದ ಕವಿತೆಗಳನ್ನು ಮೂವತ್ತು ವರ್ಷದಿಂದ ಓದುತ್ತಾ, ಪಾಠ ಹೇಳುತ್ತಾ ಬಂದಿದ್ದೇನೆ. ಎಲ್ಲ ದೇಶದಲ್ಲೂ, ಎಲ್ಲ ಭಾಷೆಯಲ್ಲೂ ಮೊದಲು ಹುಟ್ಟೋದು ಇದೇ ಪಟ್ಟಿ. ಅಡುಗೆ, ಹೂವು, ಮಳೆ, ಅಜ್ಜಿ. ಪಟ್ಟಿಯಿಂದ ಶುರು ಮಾಡೋದು ತಪ್ಪಲ್ಲ. ಅಲ್ಲೇ ನಿಂತುಬಿಟ್ಟರೆ ಮಾತ್ರ ಕಷ್ಟ.

ಆ ಹಿರಿಯರ ಮಾತಿಗೆ ನನ್ನ ಉತ್ತರ ಪಂಪ. ಕನ್ನಡದಲ್ಲಿ ಊರಿನ ಬಗ್ಗೆ ಇರುವ ಅತ್ಯಂತ ಹೆಸರಾದ ಸಾಲು ಯಾವುದು? ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ.’ ಆಟೋದ ಹಿಂದೆ, ಶಾಲೆಯ ಗೋಡೆ ಮೇಲೆ, ರಾಜ್ಯೋತ್ಸವದ ಬ್ಯಾನರಿನಲ್ಲಿ ಎಲ್ಲ ಕಡೆ ನೋಡಿದ್ದೀರಿ. ಪಂಪ ಅದನ್ನು ಬರೆದಾಗ ಬನವಾಸಿಯಲ್ಲಿ ಇರಲಿಲ್ಲ. ಇವತ್ತಿನ ತೆಲಂಗಾಣದ ವೇಮುಲವಾಡದಲ್ಲಿ, ಅರಿಕೇಸರಿಯ ಆಸ್ಥಾನದಲ್ಲಿ ಇದ್ದ. ‘ವಿಕ್ರಮಾರ್ಜುನ ವಿಜಯ’ ಬರೆದದ್ದು ಸುಮಾರು 941ರಲ್ಲಿ. ಅವನ ಹಿರಿಯರು ವೆಂಗಿ ನಾಡಿನ ಕಡೆಯವರು. ಈ ಸಾಲು ಬರೋದು ಅರ್ಜುನನ ಬಾಯಲ್ಲಿ. ಹಸ್ತಿನಾಪುರದ ರಾಜಕುಮಾರನಿಗೆ ಬನವಾಸಿಯ ಮೇಲೆ ಇಷ್ಟು ಮೋಹ ಯಾಕೆ? ಅದು ಪಂಪನದೇ ಮನಸ್ಸು ಅಂತ ಓದುಗರು ಓದಿಕೊಂಡು ಬಂದಿದ್ದಾರೆ. ಕಥೆಯ ಸಂದಿನಿಂದ ಕವಿಯ ಹಂಬಲ ಸೋರಿ ಹೊರಗೆ ಬಂದಿದೆ. ಊರಿಂದ ದೂರ ಇದ್ದವನು ಬರೆದ ಸಾಲನ್ನು ಊರಲ್ಲೇ ಇರುವವರು ಸಾವಿರ ವರ್ಷ ಆದ ಮೇಲೂ ಹಾಡುತ್ತಿದ್ದಾರೆ. ಇದನ್ನು ಆ ಹಿರಿಯರಿಗೆ ಹೇಳಿ.

ಆ ಪದ್ಯದ ಮೊದಲ ಸಾಲುಗಳನ್ನು ಒಮ್ಮೆ ನೋಡಿ. ಅವುಗಳನ್ನು ಯಾರೂ ಬ್ಯಾನರಿಗೆ ಹಾಕುವುದಿಲ್ಲ. ತೆಂಕಣ ಗಾಳಿ ಸೋಂಕಿದೊಡಂ, ಒಳ್ಳೆಯ ಮಾತು ಕೇಳಿದೊಡಂ, ಇಂಪಾದ ಹಾಡು ಕಿವಿಗೆ ಬಿದ್ದೊಡಂ, ಬಿರಿದ ಮಲ್ಲಿಗೆ ಕಂಡೊಡಂ. ಅಲ್ಲೂ ಮಲ್ಲಿಗೆ ಇದೆ! ಆದರೆ ಪಂಪ ‘ಬನವಾಸಿಯ ಮಲ್ಲಿಗೆ, ಬನವಾಸಿಯ ಹಾಡು’ ಅಂತ ಎಣಿಸುತ್ತಾ ಹೋಗುವುದಿಲ್ಲ. ‘ಸೋಂಕಿದರೆ’, ‘ಕೇಳಿದರೆ’, ‘ಕಂಡರೆ’ ಅನ್ನುತ್ತಾನೆ. ಗಾಳಿ, ಮಾತು, ಹೂವು ಎಲ್ಲ ಎಲ್ಲಿ ಬೇಕಾದರೂ ಇರಬಹುದು. ಅವು ಯಾವಾಗ ಬಂದು ತಾಗುತ್ತವೋ ಗೊತ್ತಿಲ್ಲ. ತಾಗಿದ ಕೂಡಲೇ ಮನಸ್ಸು ಆನೆಯ ಹಾಗೆ ಆ ಕಡೆ ತಿರುಗುತ್ತದೆ. ಅಂಕುಶ ಹಾಕಿದರೂ ನಿಲ್ಲೋದಿಲ್ಲ. ನೆನಪನ್ನು ಅವನು ಕರೆಯುತ್ತಿಲ್ಲ, ಅದೇ ಅವನನ್ನು ಎಳೆಯುತ್ತಿದೆ. ನಿಮ್ಮ ‘ಅಂಗಳ’ದಲ್ಲಿ ನೀವು ನೆನಪುಗಳನ್ನು ಕರೆದು ಸಾಲಾಗಿ ನಿಲ್ಲಿಸಿದ್ದೀರಿ. ಫೋನಿನ ಎರಡು ಸಾಲಿನಲ್ಲಿ ಮಾತ್ರ ಅಮ್ಮನ ಮಾತು ನಾಲ್ಕೂವರೆಗೆ ಕರೆಯದೆ ಬಂದು ತಾಗಿದೆ.

ಇನ್ನೊಂದು ಕಥೆ ಹೇಳುತ್ತೇನೆ. ಪಟ್ಟಿಗೂ ಕವಿತೆಗೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ಅರ್ಥವಾಗಿದ್ದು ಇದರಿಂದ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಏಂಜಲ್ ಐಲ್ಯಾಂಡ್ ಅನ್ನೋ ದ್ವೀಪ ಇದೆ. 1910ರಿಂದ 1940ರವರೆಗೆ ಅಲ್ಲಿ ವಲಸೆ ಠಾಣೆ ಇತ್ತು. ಚೀನಾದ ಕೂಲಿಗಳು ಅಮೆರಿಕಕ್ಕೆ ಬರಬಾರದು ಅಂತ 1882ರಲ್ಲೇ ಕಾನೂನು ಆಗಿತ್ತು. ಆದರೆ ಅಮೆರಿಕದ ಪ್ರಜೆಯ ಮಕ್ಕಳಾದರೆ ಬರಬಹುದಿತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆ ಸುಟ್ಟುಹೋಯಿತು. ಆಮೇಲೆ ತುಂಬ ಜನ ‘ನಾನು ಇಲ್ಲೇ ಹುಟ್ಟಿದವನು, ಇವನು ನನ್ನ ಮಗ’ ಅಂತ ಹೇಳಿಕೊಂಡು ಊರಿನವರನ್ನು ಕರೆಸಿಕೊಂಡರು. ಕಾಗದದಲ್ಲಿ ಮಾತ್ರ ಮಕ್ಕಳು. ಅಧಿಕಾರಿಗಳಿಗೆ ಇದು ಗೊತ್ತಿತ್ತು. ಅದಕ್ಕೆ ಬಂದವರನ್ನು ದ್ವೀಪದಲ್ಲಿ ಕೂಡಿಹಾಕಿ ವಿಚಾರಣೆ ಮಾಡುತ್ತಿದ್ದರು. ವಾರ, ತಿಂಗಳು, ಕೆಲವರಿಗೆ ಅದಕ್ಕಿಂತ ಜಾಸ್ತಿ.

ಏನು ಕೇಳುತ್ತಿದ್ದರು ಗೊತ್ತಾ? ನಿಮ್ಮ ಮನೆ ಯಾವ ದಿಕ್ಕಿಗೆ ಇದೆ? ಎಷ್ಟು ಮೆಟ್ಟಿಲು? ಅಕ್ಕಿ ಡಬ್ಬ ಎಲ್ಲಿ ಇಡುತ್ತೀರಿ? ನಿಮ್ಮ ಸಾಲಿನ ಮೂರನೇ ಮನೆ ಯಾರದು? ಇದೇ ಪ್ರಶ್ನೆಗಳನ್ನು ಅಪ್ಪ ಅಂತ ಹೇಳಿಕೊಂಡವನಿಗೂ ಕೇಳಿ, ಎರಡೂ ಉತ್ತರ ತಾಳೆ ನೋಡುತ್ತಿದ್ದರು. ತಪ್ಪಿದರೆ ವಾಪಸ್ ಹಡಗು. ಜನ ಉತ್ತರಗಳನ್ನು ಕಾಗದದಲ್ಲಿ ಬರೆದುಕೊಂಡು, ಬಾಯಿಪಾಠ ಮಾಡಿಕೊಂಡು ಹಡಗು ಹತ್ತುತ್ತಿದ್ದರು.

ಅಂದರೆ ಊರಿನ ಪಟ್ಟಿ ಕೇಳುತ್ತಿದ್ದವನು ಅಧಿಕಾರಿ. ಅಂಗಳ ಎಲ್ಲಿ, ಬಾವಿ ಎಲ್ಲಿ, ಅಕ್ಕಿ ಎಲ್ಲಿ. ಅದು ಪುರಾವೆ. ನಾನು ಇಂಥ ಊರಿಗೆ ಸೇರಿದವನು ಅಂತ ಸಾಬೀತು ಮಾಡೋಕೆ ಬೇಕಾದ ಕಾಗದ.

ಹಗಲು ಈ ಪುರಾವೆ ಕೊಟ್ಟು ಬಂದವರು ಅಲ್ಲಿನ ಮರದ ಗೋಡೆ ಮೇಲೆ ಕವಿತೆ ಕೆತ್ತಿದರು. ಹೆಚ್ಚಿನವರು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಯವರು. ಹೆಸರು ಹಾಕಿದವರು ಕಡಿಮೆ. ಹಳೆಯ ಚೀನೀ ಛಂದಸ್ಸಿನಲ್ಲಿ, ಸಾಲಿಗೆ ಐದೋ ಏಳೋ ಅಕ್ಷರ. ಮೇಲಿನವರು ಬಣ್ಣ ಬಳಿಸಿದರು. ಕೆತ್ತಿದ್ದು ಬಣ್ಣದ ಅಡಿಯಲ್ಲೂ ಉಳಿಯಿತು. 1970ರಲ್ಲಿ ಕಟ್ಟಡ ಕೆಡವುವ ಮಾತು ನಡೆಯುತ್ತಿದ್ದಾಗ ಅಲ್ಲಿನ ಪಾರ್ಕಿನ ಕಾವಲು ಅಧಿಕಾರಿಯೊಬ್ಬರ ಕಣ್ಣಿಗೆ ಬಿತ್ತು. ಈಗ ಇನ್ನೂರಕ್ಕೂ ಹೆಚ್ಚು ಕವಿತೆಗಳು ಸಿಕ್ಕಿವೆ. ಅವುಗಳಲ್ಲಿ ಮೆಟ್ಟಿಲ ಲೆಕ್ಕ ಇಲ್ಲ. ರಾತ್ರಿ ಕೀಟಗಳ ಸದ್ದು, ಕಿಟಕಿಯಾಚೆ ನೀರು, ಮರದ ಮನೆಯ ಸೆರೆ, ದೇಶ ದುರ್ಬಲವಾಗಿದ್ದಕ್ಕೆ ಸಿಟ್ಟು, ಮನೆಯಲ್ಲಿ ಕಾಯುತ್ತಿರುವವರ ಚಿಂತೆ ಇದೆ. ಊರನ್ನು ಅವರು ಛಂದಸ್ಸಿನಲ್ಲಿ ತಂದಿದ್ದಾರೆ. ಹಳ್ಳಿಯಲ್ಲಿ ಕಲಿತ ಲಯ ಅದು. ಅದನ್ನು ತನಿಖೆ ಮಾಡೋಕೆ ಯಾವ ಅಧಿಕಾರಿಗೂ ಆಗುತ್ತಿರಲಿಲ್ಲ.

ನೀವು ಸಾರು, ಮಲ್ಲಿಗೆ, ಮಣ್ಣು ಅಂತ ಬರೆಯುವಾಗ ಯಾರಿಗೆ ಪುರಾವೆ ಕೊಡುತ್ತಿದ್ದೀರಿ? ಕೂಟದವರಿಗಾ? ಊರಿನ ಹಿರಿಯರಿಗಾ? ‘ನಾನಿನ್ನೂ ನಿಮ್ಮವಳೇ’ ಅಂತಾ? ಈ ಪ್ರಶ್ನೆಯನ್ನು ನಿಧಾನವಾಗಿ ಕೇಳಿಕೊಳ್ಳಿ. ನನಗೆ ಅನ್ನಿಸೋದು, ಯಾರೂ ನಿಮ್ಮನ್ನು ವಿಚಾರಣೆಗೆ ಕೂರಿಸಿಲ್ಲ. ಕೂರಿಸಿದರೂ ಕವಿತೆ ಆ ಕೆಲಸ ಮಾಡಬೇಕಾಗಿಲ್ಲ.

ಇನ್ನು ನೆನಪು. ಊರು ಬಿಟ್ಟವರ ನೆನಪು ಗಟ್ಟಿ ಅಂತ ನಾವು ಅಂದುಕೊಳ್ಳುತ್ತೇವೆ. ಒಳ್ಳೆಯ ಕವಿಗಳು ಅದನ್ನು ನಂಬುವುದಿಲ್ಲ. ಆಗಾ ಶಾಹಿದ್ ಅಲಿ ಶ್ರೀನಗರದಲ್ಲಿ ಬೆಳೆದವರು. 1976ರಲ್ಲಿ ಅಮೆರಿಕಕ್ಕೆ ಹೋದರು. 1987ರ ಸಂಕಲನದಲ್ಲಿ ಅವರ ಒಂದು ಸಣ್ಣ ಕವಿತೆ ಇದೆ. ಕಾಶ್ಮೀರದಿಂದ ಒಂದು ಪೋಸ್ಟ್ ಕಾರ್ಡ್ ಬರುತ್ತದೆ. ಅವರ ಮನೆ ಈಗ ನಾಲ್ಕು ಇಂಚು ಆರು ಇಂಚು. ಹಿಮಾಲಯ ಅರ್ಧ ಇಂಚು, ಅಂಗೈಯಲ್ಲಿ ಹಿಡಿಯಬಹುದು. ಇಷ್ಟೇ ಆಗಿದ್ದರೆ ಅದು ಚಂದದ ಒಂದು ಹೋಲಿಕೆ. ಆಮೇಲೆ ಕವಿ ಹೇಳುವ ಮಾತು ನೋಡಿ. ನಾನು ವಾಪಸ್ ಹೋದಾಗ ಬಣ್ಣ ಇಷ್ಟು ಹೊಳೆಯೋದಿಲ್ಲ, ಝೇಲಂ ನೀರು ಇಷ್ಟು ತಿಳಿಯಾಗಿ, ಇಷ್ಟು ನೀಲಿಯಾಗಿ ಇರೋದಿಲ್ಲ. ನನ್ನ ಪ್ರೀತಿ ಬೆಳಕು ಜಾಸ್ತಿ ಬಿದ್ದ ಫೋಟೋ. ನನ್ನ ನೆನಪು ಫೋಕಸ್ ತಪ್ಪಿದ್ದು, ಇನ್ನೂ ತೊಳೆಯದ ಕಪ್ಪುಬಿಳುಪು ನೆಗೆಟಿವ್. ರೀಲ್ ಕ್ಯಾಮೆರಾ ನೋಡಿದ ನಮ್ಮ ತಲೆಮಾರಿಗೆ ಇದು ಚೆನ್ನಾಗಿ ತಾಗುತ್ತದೆ. ನೆಗೆಟಿವ್‌ನಲ್ಲಿ ಎಲ್ಲ ಇರುತ್ತದೆ, ಆದರೆ ಬಿಳಿ ಕಪ್ಪಾಗಿರುತ್ತದೆ, ಕಪ್ಪು ಬಿಳಿಯಾಗಿರುತ್ತದೆ. ತೊಳೆದರೇನೇ ಮುಖ ಕಾಣೋದು. ಇದನ್ನು ಬರೆಯೋಕೆ ಧೈರ್ಯ ಬೇಕು. ‘ನನ್ನ ನೆನಪು ತಪ್ಪಿರಬಹುದು, ಪ್ರೀತಿ ಜಾಸ್ತಿಯಾಗಿ ಚಿತ್ರ ಕೆಟ್ಟಿರಬಹುದು’ ಅಂತ ಒಪ್ಪಿಕೊಳ್ಳಬೇಕು.

ಶಾಹಿದ್ ಊರನ್ನು ಇನ್ನೊಂದು ದಾರಿಯಲ್ಲೂ ತಂದರು. ಇಂಗ್ಲಿಷಿನಲ್ಲಿ ಗಜಲ್ ಬರೆದರು, ಅದೂ ನಿಯಮ ಬಿಡದೆ. ಎರಡೆರಡು ಸಾಲು, ಪ್ರಾಸ, ಅದರ ಹಿಂದೆ ಮತ್ತೆ ಮತ್ತೆ ಬರುವ ಒಂದೇ ಪದ. ಅಮೆರಿಕದಲ್ಲಿ ಪ್ರಾಸ ಬಿಟ್ಟು ಗಜಲ್ ಅಂತ ಹೆಸರಿಟ್ಟು ಬರೆಯುತ್ತಿದ್ದವರ ಜೊತೆ ಅವರು ಜಗಳವನ್ನೇ ಆಡಿದರು. 2000ದಲ್ಲಿ ನಿಯಮಬದ್ಧ ಇಂಗ್ಲಿಷ್ ಗಜಲ್‌ಗಳ ಒಂದು ಸಂಕಲನವನ್ನೇ ತಂದರು. ರಾಯಚೂರಿನ ಶಾಂತರಸರು ಕನ್ನಡದಲ್ಲಿ ಗಜಲ್ ಬರೆದದ್ದನ್ನು ಓದಿದ ನಮಗೆ ಇದು ಬೇಗ ಅರ್ಥವಾಗುತ್ತದೆ. ಕಾಶ್ಮೀರದ ಹೆಸರೇ ಬರದ ಅವರ ಗಜಲ್‌ನಲ್ಲೂ ಮನೆಯ ಮುಷಾಯಿರಾದ, ಅಂದರೆ ಉರ್ದು ಕವಿಗೋಷ್ಠಿಯ, ಉಸಿರು ಇದೆ. ಅವರು 2001ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮಣ್ಣಾಗಿದ್ದು ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್‌ನಲ್ಲಿ. ಅವರ ತಾಯಿ 1997ರಲ್ಲಿ ಅಮೆರಿಕದಲ್ಲಿ ತೀರಿಕೊಂಡಾಗ ದೇಹವನ್ನು ಕಾಶ್ಮೀರಕ್ಕೆ ಒಯ್ದಿದ್ದರು. ತಾಯಿ ಅಲ್ಲಿ, ಮಗ ಇಲ್ಲಿ. ಈ ಸಂಗತಿ ಗೊತ್ತಾದ ಮೇಲೆ ಆ ಪೋಸ್ಟ್ ಕಾರ್ಡ್ ಕವಿತೆಯನ್ನು ಮೊದಲಿನ ಹಾಗೆ ಓದೋಕೆ ನನಗೆ ಆಗಿಲ್ಲ.

ಈಗ ನಮ್ಮವರೇ ಆದ ಎ.ಕೆ. ರಾಮಾನುಜನ್. ಇವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ‘ಯಾವ ಕಡೆಯವರು’ ಅನ್ನೋ ನಿಮ್ಮ ಪ್ರಶ್ನೆಯನ್ನು ಜೀವನಪೂರ್ತಿ ಬೇರೆ ಬೇರೆ ರೀತಿಯಲ್ಲಿ ತಿರುಗಿಸಿ ನೋಡಿದವರು ಅವರು.

ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದರು. ತಂದೆ ಗಣಿತದ ಪ್ರಾಧ್ಯಾಪಕರು. ಮಹಡಿ ಮೇಲೆ ತಂದೆಯ ಜೊತೆ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಾಯಿಯ ಜೊತೆ ತಮಿಳು, ಬಾಗಿಲು ದಾಟಿ ಬೀದಿಗೆ ಬಂದರೆ ಕನ್ನಡ. ಅಮೆರಿಕಕ್ಕೆ ಹೋದದ್ದು 1959ರಲ್ಲಿ. ಆದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟೋದನ್ನು ಅವರು ಆ ಮನೆಯ ಮೆಟ್ಟಿಲ ಮೇಲೇ ಕಲಿತಿದ್ದರು. ಇದು ಕನ್ನಡಕ್ಕೆ ಹೊಸದೂ ಅಲ್ಲ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ, ಪುತಿನ, ರಾಜರತ್ನಂ ಇವರ ಮನೆಮಾತು ತಮಿಳು. ಅವರನ್ನೆಲ್ಲ ನಾವು ‘ನೀವು ಯಾವ ಕಡೆಯವರು’ ಅಂತ ಕೇಳಲಿಲ್ಲ. ಕನ್ನಡ ಅವರಿಗೆ ಬೀದಿಯಲ್ಲಿ ಸಿಕ್ಕಿತು, ಅವರು ಅದನ್ನು ಮನೆ ಮಾಡಿಕೊಂಡರು.

ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಚಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿದ್ದುಕೊಂಡೇ ಮೂರು ಕನ್ನಡ ಕವನ ಸಂಕಲನ ತಂದರು. ಆ ಮೂರು ಹೆಸರುಗಳನ್ನೇ ನೋಡಿ. 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’. ಶ್ರೀವೈಷ್ಣವರ ಮನೆಯ ಹುಡುಗ. ದೇವರ ಹೊಕ್ಕುಳಲ್ಲಿ ತಾವರೆ ಅರಳಿದ ಚಿತ್ರ ದಿನಾ ನೋಡಿ ಬೆಳೆದವನು. ನನ್ನ ಹೊಕ್ಕುಳಲ್ಲಿ ಹೂವಿಲ್ಲ ಅನ್ನುತ್ತಾನೆ. ಹೊಕ್ಕುಳು ಅಂದರೆ ತಾಯಿಯ ಜೊತೆ ಇದ್ದ ಬಳ್ಳಿ ಕತ್ತರಿಸಿದ ಗುರುತು. ಹೂವಿಲ್ಲ, ಗುರುತು ಇದೆ. ಇದು ನನ್ನ ಓದು, ನಿಮಗೆ ಬೇರೆ ಹೊಳೆಯಬಹುದು. 1977ರಲ್ಲಿ ‘ಮತ್ತು ಇತರ ಕವಿತೆಗಳು’. ‘ಮತ್ತು’ ಅಂತಲೇ ಶುರು, ಅದಕ್ಕೆ ಮೊದಲು ಇದ್ದದ್ದು ಏನು ಅಂತ ಹೇಳುವುದಿಲ್ಲ. 1990ರಲ್ಲಿ ‘ಕುಂಟೋಬಿಲ್ಲೆ’. ನೆಲದ ಮೇಲೆ ಚೌಕ ಬರೆದು, ಬಿಲ್ಲೆ ಎಸೆದು, ಒಂಟಿ ಕಾಲಲ್ಲಿ ಮನೆಯಿಂದ ಮನೆಗೆ ಕುಪ್ಪಳಿಸುವ ಆಟ. ಗೆರೆ ತುಳಿದರೆ ಔಟ್. ಚಿಕಾಗೋದಲ್ಲಿ ಹತ್ತಿರ ಹತ್ತಿರ ಮೂವತ್ತು ವರ್ಷ ಕಳೆದವರು ತಮ್ಮ ಪುಸ್ತಕಕ್ಕೆ ಈ ಹೆಸರು ಇಟ್ಟರು.

ಅವರ ಇಂಗ್ಲಿಷ್ ಕವಿತೆ ಒಂದರಲ್ಲಿ ಬರೀ ಸ್ನಾನದ ವಿಷಯ ಇದೆ. 1986ರ ಸಂಕಲನದ್ದು. ತಾತನ ಹಾಗೆ ನಾನೂ ಊರಿನ ಕಾಗೆ ಏಳೋದಕ್ಕೆ ಮೊದಲೇ ಸ್ನಾನ ಮಾಡುತ್ತೇನೆ ಅಂತ ಶುರುವಾಗುತ್ತದೆ. ಗಂಗೆ ಅಂದರೆ ಇಲ್ಲಿ ಕ್ಲೋರಿನ್ ನೀರು. ತಲೆ ಮೇಲಿನ ಬೋಳು ಬಲ್ಬು ವೇದದ ಸೂರ್ಯನಿಗೆ ದೂರದ ನೆಂಟ. ಆಮೇಲೆ ತಂದೆಯ ಹಾಗೆ ಬೆನ್ನಿಗೆ ಸೋಪು, ತಾಯಿಯ ಹಾಗೆ, ಮಗಳ ಹಾಗೆ, ಮಗನ ಹಾಗೆ, ಇನ್ನೂ ಹುಟ್ಟದವರ ಹಾಗೆ ಅಂತ ಮುಂದುವರಿಯುತ್ತದೆ. ಒಂದು ಸಣ್ಣ ಬಚ್ಚಲುಮನೆಯಲ್ಲಿ ಇಡೀ ವಂಶ ನಿಂತಿದೆ. ಇದೂ ಒಂದು ರೀತಿಯ ಪಟ್ಟಿಯೇ, ಹೌದು. ಆದರೆ ಇಲ್ಲಿ ಮೈಸೂರು ಒಂದು ಕಡೆ, ಚಿಕಾಗೋ ಇನ್ನೊಂದು ಕಡೆ ಇಲ್ಲ. ಮೈ ಒದ್ದೆಯಾಗುವ ಆ ಹೊತ್ತಿನಲ್ಲಿ ಎರಡೂ ಒಂದೇ ಬಲ್ಬಿನ ಕೆಳಗೆ ಇವೆ. ಊರು ಅವರ ಕೈ ಸೋಪು ಉಜ್ಜುವ ರೀತಿಯಲ್ಲಿದೆ.

1966ರ ಮೊದಲ ಇಂಗ್ಲಿಷ್ ಸಂಕಲನದಲ್ಲಿ ಅವರದೇ ಚಿತ್ರದ ಬಗ್ಗೆ ಎಂಟು ಹತ್ತು ಸಾಲಿನ ಕವಿತೆ ಇದೆ. ನಾನು ಎಲ್ಲರ ಹಾಗೂ ಕಾಣುತ್ತೇನೆ, ನನ್ನ ಹಾಗೆ ಮಾತ್ರ ಕಾಣುವುದಿಲ್ಲ. ಅಂಗಡಿಯ ಗಾಜಿನಲ್ಲಿ ಒಮ್ಮೊಮ್ಮೆ ಒಬ್ಬ ಅಪರಿಚಿತನ ಚಿತ್ರ ಕಾಣುತ್ತದೆ. ತಾರೀಕು ಗೊತ್ತಿಲ್ಲ. ಮೂಲೆಯಲ್ಲಿ ಸಹಿ ಇದೆ, ಅಪ್ಪನ ಸಹಿ. ‘ನಾನು ಭಾರತೀಯನಾ, ಅಮೆರಿಕನ್ನಾ’ ಅಂತ ಒಂದು ಮಾತೂ ಇಲ್ಲ. ಪರದೇಶದ ಬೀದಿಯಲ್ಲಿ ನಡೆಯುವಾಗ ಗಾಜಿನಲ್ಲಿ ತಟ್ಟನೆ ಅಪ್ಪನ ಮುಖ ಕಂಡರೆ ಆಗುವ ತಬ್ಬಿಬ್ಬು ಇದೆ. ನಿಮಗೂ ಆಗಿರಬೇಕು. ಕನ್ನಡಿ ಮುಂದೆ ತಲೆ ಬಾಚುವಾಗ ಅಮ್ಮ ಕಂಡಿರಬೇಕು.

ಈಗ ಮಗಳ ವಿಷಯ. ಆ ಸ್ವಿಚ್ಚಿನ ಸಾಲು ಓದಿ ನಿಮಗೆ ನಿದ್ದೆ ಬರಲಿಲ್ಲ ಅಂತ ಬರೆದಿದ್ದೀರಿ. ತಾಯಿಯಾಗಿ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವಳು ನಿಮ್ಮನ್ನು ದೂರ ತಳ್ಳುತ್ತಿಲ್ಲ. ಕತ್ತಲಲ್ಲಿ ಕುರ್ಚಿ ಎಲ್ಲಿದೆ ಅಂತ ಗೊತ್ತಿರಬೇಕಾದರೆ ಆ ಕೋಣೆಯಲ್ಲಿ ಎಷ್ಟು ವರ್ಷ ಓಡಾಡಿರಬೇಕು ಹೇಳಿ. ಹೊರಗಿನವರಿಗೆ ಅದು ಗೊತ್ತಾಗೋದಿಲ್ಲ.

ಅವಳಿಗೆ ಇಬ್ಬರನ್ನು ಓದಿಸಿ.

ಮೊದಲನೆಯವರು ಸುಜಾತಾ ಭಟ್. 1956ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿ, ಹುಡುಗಿಯಾಗಿದ್ದಾಗಲೇ ಅಮೆರಿಕಕ್ಕೆ ಹೋಗಿ, ಆಮೇಲೆ ಜರ್ಮನಿಯ ಬ್ರೆಮೆನ್‌ನಲ್ಲಿ ನೆಲೆಸಿದವರು. ಕಳೆದುಹೋದ ನಾಲಿಗೆಯನ್ನು ಹುಡುಕುವ ಅವರ ಕವಿತೆಯನ್ನು ಇಂಗ್ಲೆಂಡಿನ ಶಾಲೆಗಳಲ್ಲಿ ಪಾಠವಾಗಿ ಓದಿದ್ದಾರೆ. ಬಾಯಲ್ಲಿ ಎರಡು ನಾಲಿಗೆ ಇದ್ದರೆ ಏನು ಮಾಡುತ್ತೀರಿ? ಮೊದಲನೆಯದು ಬಳಸದೆ ಕೊಳೆತು ಹೋಗಿ, ಉಗುಳಬೇಕಾಗಿ ಬಂದರೆ? ಇಷ್ಟು ಹೇಳಿ ಕವಿತೆಯ ನಡುವೆ ಅವರು ಗುಜರಾತಿಗೆ ಹೊರಳುತ್ತಾರೆ. ಗುಜರಾತಿ ಲಿಪಿಯಲ್ಲೇ ಸಾಲುಗಳು, ಜೊತೆಗೆ ಅದರ ಉಚ್ಚಾರ ಇಂಗ್ಲಿಷ್ ಅಕ್ಷರದಲ್ಲಿ. ರಾತ್ರಿ ಕನಸಿನಲ್ಲಿ ನನ್ನ ಭಾಷೆ ವಾಪಸ್ ಬರುತ್ತದೆ, ಹೂವಿನ ಹಾಗೆ ಅರಳುತ್ತದೆ, ಹಣ್ಣಿನ ಹಾಗೆ ಬಾಯಲ್ಲೇ ಮಾಗುತ್ತದೆ ಅಂತ ಅಲ್ಲಿದೆ.

ಕನ್ನಡದವರ ಕಣ್ಣಿಗೆ ಇಲ್ಲಿ ಒಂದು ವಿಷಯ ಬೇಗ ಕಾಣುತ್ತದೆ. ಇಂಗ್ಲಿಷಿನಲ್ಲಿ ನಾಲಿಗೆಗೂ ಭಾಷೆಗೂ ‘ಟಂಗ್’ ಅನ್ನೋ ಒಂದೇ ಪದ ಸಾಕು. ಆ ಕವಿತೆ ನಿಂತಿರೋದೇ ಆ ಒಂದು ಪದದ ಮೇಲೆ. ಆದರೆ ಗುಜರಾತಿ ಸಾಲಿಗೆ ಬಂದಾಗ ಅವರು ‘ಜೀಭ್’ ಅಂತ ಒಂದು ಸಲ, ‘ಭಾಷಾ’ ಅಂತ ಇನ್ನೊಂದು ಸಲ ಹೇಳಬೇಕಾಗುತ್ತದೆ. ನಮ್ಮಲ್ಲೂ ಹಾಗೇ ಅಲ್ವಾ? ನಾಲಿಗೆ ಬೇರೆ, ನುಡಿ ಬೇರೆ. ಇಂಗ್ಲಿಷಿನಲ್ಲಿ ಹೊಳೆದ ಉಪಮೆಯನ್ನು ತಾಯ್ನುಡಿಯಲ್ಲಿ ಹೇಳೋಕೆ ಎರಡು ಪದ ಬೇಕಾಯಿತು. ಕಳೆದುಹೋಯಿತು ಅಂದುಕೊಂಡ ಭಾಷೆ ವಾಪಸ್ ಬಂದು ತನ್ನದೇ ಹಟ ಹಿಡಿದಿದೆ. ಅದು ನಿಜವಾಗಿಯೂ ಬದುಕಿದೆ ಅನ್ನೋದಕ್ಕೆ ನನಗೆ ಇದಕ್ಕಿಂತ ದೊಡ್ಡ ಗುರುತು ಬೇಡ.

ಎರಡನೆಯವರು ಲಿ-ಯಂಗ್ ಲೀ. ಚೀನೀ ತಂದೆ ತಾಯಿಗೆ 1957ರಲ್ಲಿ ಜಕಾರ್ತದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದವರು. 1986ರ ಸಂಕಲನದಲ್ಲಿ ಪರ್ಸಿಮನ್ ಹಣ್ಣಿನ ಮೇಲೆ ಒಂದು ಕವಿತೆ ಇದೆ. ನಮ್ಮಲ್ಲಿ ಬೀಡಿ ಎಲೆಯ ಮರ ಇದೆಯಲ್ಲ, ಅದೇ ಕುಲದ ಹಣ್ಣು. ಆರನೇ ಕ್ಲಾಸಿನಲ್ಲಿ ಹುಡುಗನಿಗೆ ‘ಪರ್ಸಿಮನ್’, ‘ಪ್ರಿಸಿಷನ್’ ಎರಡೂ ಪದ ಒಂದೇ ಹಾಗೆ ಕೇಳುತ್ತವೆ. ಟೀಚರ್ ತಲೆಗೆ ಹೊಡೆದು ಮೂಲೆಯಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಅದೇ ಟೀಚರ್ ಒಂದು ಪರ್ಸಿಮನ್ ತಂದು ಕ್ಲಾಸಿನಲ್ಲಿ ಎಲ್ಲರಿಗೂ ಕತ್ತರಿಸಿ ಕೊಡುತ್ತಾರೆ. ಅದು ಕಾಯಿ. ಒಗರು. ಹುಡುಗನಿಗೆ ಮಾತ್ರ ಅದು ಗೊತ್ತು. ಅವನು ತಿನ್ನುವುದಿಲ್ಲ, ಉಳಿದವರ ಮುಖ ನೋಡುತ್ತಾನೆ. ಪದ ಗೊತ್ತಿದ್ದವರಿಗೆ ಹಣ್ಣು ಗೊತ್ತಿಲ್ಲ, ಹಣ್ಣು ಗೊತ್ತಿದ್ದವನಿಗೆ ಪದ ತಡವರಿಸುತ್ತದೆ. ಅದೇ ಕವಿತೆಯಲ್ಲಿ ದೊಡ್ಡವನಾದ ಮೇಲೆ ಅವನು ಚೀನೀ ಪದಗಳನ್ನು ಇನ್ನೊಬ್ಬರಿಗೆ ಕಲಿಸೋಕೆ ಹೋಗುತ್ತಾನೆ. ಜೀರುಂಡೆಗೆ ಒಂದು ಪದ ನೆನಪಿದೆ. ಇಬ್ಬನಿಗೆ? ಮರೆತುಹೋ​ಗಿದೆ. ‘ಮರೆತೆ’ ಅಂತ ಹಾಗೇ ಬರೆದಿದ್ದಾರೆ. ನಿಘಂಟು ತೆಗೆದು ಆ ಜಾಗ ತುಂಬಬಹುದಿತ್ತು. ತುಂಬಲಿಲ್ಲ. ನಿಮ್ಮ ಮಗಳ ಸ್ವಿಚ್ಚು ಅದೇ ಖಾಲಿ ಜಾಗ. ಅದನ್ನು ತುಂಬು ಅಂತ ಅವಳಿಗೆ ಹೇಳಬೇಡಿ. ಕನ್ನಡ ಕಲಿಸಿ, ಖಂಡಿತ ಕಲಿಸಿ. ಆದರೆ ಆ ಸಾಲನ್ನು ತಿದ್ದೋಕೆ ಅಂತ ಕಲಿಸಬೇಡಿ.

ಇಂಗ್ಲಿಷಿನಲ್ಲಿ ಬರೆದ ಕವಿ ಮೀನಾ ಅಲೆಕ್ಸಾಂಡರ್ ಅವರಿಗೆ ಮಲಯಾಳಂ ಮಾತಾಡೋಕೆ ಬರುತ್ತಿತ್ತು, ಓದೋಕೆ ಬರೆಯೋಕೆ ಬರುತ್ತಿರಲಿಲ್ಲ. 2002ರ ಅವರ ಸಂಕಲನದ ಹೆಸರಿನ ಅರ್ಥ ‘ಓದು ಬಾರದ ಹೃದಯ’. ಇದನ್ನೂ ಮಗಳ ಕೈಗೆ ಕೊಡಿ.

ಒಂದು ಎಚ್ಚರಿಕೆಯ ಮಾತು. ‘ವಲಸೆ’ ಅನ್ನೋ ಒಂದೇ ಪದದಡಿ ನಾನು ತುಂಬ ಬೇರೆ ಬೇರೆ ಬದುಕುಗಳನ್ನು ಸೇರಿಸಿದ್ದೇನೆ. ಏಂಜಲ್ ಐಲ್ಯಾಂಡಿನ ಮರದ ಗೋಡೆ ಒಂದು. ಊರು ಹೊತ್ತಿ ಉರಿಯುತ್ತಿದ್ದಾಗ ದೂರದಿಂದ ನೋಡಬೇಕಾಗಿ ಬಂದ ಶಾಹಿದ್ ಇನ್ನೊಂದು. ವೀಸಾ, ಕೆಲಸ, ರಜೆಗೆ ಬೆಂಗಳೂರಿನ ವಿಮಾನ, ದಿನಾ ವಿಡಿಯೋ ಕಾಲ್ ಇರುವ ನಮ್ಮ ಜನರ ಬದುಕು ಮತ್ತೊಂದು. ನಮ್ಮ ಕವಿತೆಗಳಲ್ಲಿ ಕೆಲವು ಸಲ ‘ಗಡಿಪಾರು’, ‘ಪಂಜರ’, ‘ಬೇರು ಕಿತ್ತ ಮರ’ ಅಂತೆಲ್ಲ ಬರುತ್ತದೆ. ಅದು ಇನ್ನೊಬ್ಬರ ನೋವಿನಿಂದ ಸಾಲ ತಂದ ಮಾತು. ನೀವು ಬೇಕು ಅಂತ ಹೋದಿರಿ. ಅದರ ನೋವು ಸಣ್ಣದಲ್ಲ. ಆದರೆ ಅದು ಬೇರೆ ನೋವು. ಬೇಕು ಅಂತ ಹೋದವರು ‘ಹೋಗದೆ ಇದ್ದಿದ್ದರೆ’ ಅಂತ ಎಷ್ಟೋ ರಾತ್ರಿ ಎದ್ದು ಕೂರುತ್ತಾರೆ. ಅಟ್ಟಿಸಿಕೊಂಡು ಬಂದವರಿಗೆ ಆ ಪ್ರಶ್ನೆ ಇಲ್ಲ. ಅದರ ಬಗ್ಗೆ ಕನ್ನಡದಲ್ಲಿ ಇನ್ನೂ ಸಾಕಷ್ಟು ಬರೆದಿಲ್ಲ ಅಂತ ನನಗೆ ಅನ್ನಿಸುತ್ತದೆ. ಹೈವೇಯಲ್ಲಿ ನಲವತ್ತು ನಿಮಿಷ ಒಬ್ಬರೇ ಕಾರು ಓಡಿಸುವಾಗ ಯಾವ ಭಾಷೆಯಲ್ಲಿ ಯೋಚನೆ ಬರುತ್ತದೆ? ಸಿಟ್ಟು ಬಂದಾಗ ಯಾವ ಭಾಷೆ? ಮಗಳನ್ನು ಬೈಯುವಾಗ ಯಾವ ಪದಕ್ಕೆ ಬಂದು ಇಂಗ್ಲಿಷಿಗೆ ಹೊರಳುತ್ತೀರಿ? ಇವುಗಳನ್ನು ಬರೆಯೋಕೆ ನೀವೇ ಬೇಕು. ತೀರ್ಥಹಳ್ಳಿಯಲ್ಲಿ ಇರುವ ಕವಿಗೆ ಇದು ಸಿಗುವುದಿಲ್ಲ.

‘ಯಾವ ಕಡೆಯವರು’ ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಒಂದೇ ಸಾಲಿನ ಉತ್ತರ ಇಲ್ಲ. ನೀವು ಕನ್ನಡ ಕವಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ನಿಮ್ಮ ಮಗಳು ಅಮೆರಿಕದ ಕವಿಯಾಗಬಹುದು, ಅವಳ ಇಂಗ್ಲಿಷಿನಲ್ಲಿ ನಿಮ್ಮ ಕೋಣೆಯ ಕುರ್ಚಿ ಇರುತ್ತದೆ. ಅದು ಯಾರ ಕವಿತೆ ಅಂತ ಈಗಲೇ ಪಾಲು ಮಾಡುವ ಅವಸರ ಯಾಕೆ?

ಈಗ ‘ಅಂಗಳ’ಕ್ಕೆ ಬರೋಣ. ಮೊದಲ ಹನ್ನೆರಡು ಸಾಲನ್ನು ಬೇರೆ ಹಾಳೆಯಲ್ಲಿ ತೆಗೆದಿಡಿ, ಬಿಸಾಡಬೇಡಿ. ಹೊಡೆದು ಹಾಕಿದ ಆ ಎರಡು ಸಾಲನ್ನು ಮೇಲಕ್ಕೆ ತನ್ನಿ. ಅಲ್ಲಿಂದ ಮುಂದೆ ಬರೆಯಿರಿ. ನಾಲ್ಕೂವರೆಗೆ ನೀವು ಯಾಕೆ ಎದ್ದಿದ್ದಿರಿ? ಫೋನ್ ಸದ್ದಿಗೆ ಎದ್ದಿರಾ, ಮೊದಲೇ ಎಚ್ಚರ ಇತ್ತಾ? ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಗಳಿಗೆ ನಿಮ್ಮ ‘ಆಯ್ತು’ ಕೇಳಿಸಿತಾ? ಮತ್ತೆ ಅಮ್ಮ. ಹದಿನೇಳು ವರ್ಷದಿಂದ ಫೋನ್ ಮಾಡುತ್ತಿರುವ ಅಮ್ಮನಿಗೆ ಅಲ್ಲಿ ಎಷ್ಟು ಗಂಟೆ ಅಂತ ಗೊತ್ತಿರಲಿಲ್ಲವಾ? ಗೊತ್ತಿದ್ದೂ ಕೇಳಿದರಾ? ಆ ಭಾಗ ಬರೆದಾದ ಮೇಲೆ ನನಗೆ ಕಳಿಸಿ.